ಟಿ.ವಿ.ಯ ವಿವಿಡ್ ಮೋಡ್ ತೆಗೆಯಿರಿ

ಕೇಳುಗರಿಗೆಲ್ಲ ನಮಸ್ಕಾರ. ಟಿ.ವಿ. ಚಿತ್ರದ ಬಗ್ಗೆ ರೇಡಿಯೋದಲ್ಲಿ ಮಾತಾಡಿ ಅಂತ ಕರೆದಿದ್ದಾರೆ. ತೋರಿಸುವುದಕ್ಕಂತೂ ಆಗುವುದಿಲ್ಲ, ಒಂದೇ ಮಾತು ಹೇಳುತ್ತೇನೆ. ರಿಮೋಟ್ ಹಿಡಿದು ಸೆಟ್ಟಿಂಗ್ಸ್‌ಗೆ ಹೋಗಿ, ಪಿಕ್ಚರ್ ಮೋಡ್ ನೋಡಿ. ವಿವಿಡ್ ಅಂತಲೋ ಡೈನಾಮಿಕ್ ಅಂತಲೋ ಇದ್ದರೆ ತೆಗೆದು ಸಿನಿಮಾ ಅಥವಾ ಮೂವಿ ಹಾಕಿ. ಮುಕ್ಕಾಲು ಪಾಲು ಕೆಲಸ ಅಲ್ಲಿಗೆ ಮುಗಿಯಿತು.

ವಿವಿಡ್ ಇರುವುದು ಅಂಗಡಿಗಾಗಿ. ಅಲ್ಲಿ ಝಗಮಗ ಬೆಳಕಲ್ಲಿ ಸಾಲಾಗಿ ಟಿ.ವಿ. ಇಟ್ಟಿರುತ್ತಾರೆ. ಯಾವುದು ಜಾಸ್ತಿ ಹೊಳೆಯುತ್ತೋ ಗಿರಾಕಿ ಅದರ ಮುಂದೆ ನಿಲ್ಲುತ್ತಾನೆ. ನಿಮ್ಮ ನಡುಮನೆಗೆ ಅದೆಲ್ಲ ಯಾಕೆ?

ದಾವಣಗೆರೆಯಲ್ಲಿ ಒಂದು ಮನೆಯಿಂದ ಫೋನ್ ಬಂತು. ಹೊಸ ಟಿ.ವಿ., ಪ್ಯಾನೆಲ್ ಹೋಗಿದೆ, ಬದಲಾಯಿಸಿ ಅಂತ. ಹೋದರೆ ಮಗಳ ಮದುವೆ ವಿಡಿಯೋ ಹಾಕಿ ತೋರಿಸಿದರು. ಧಾರೆ ಸೀರೆ ಬರೀ ಕೆಂಪು, ಜರಿಯ ಒಂದು ಎಳೆಯೂ ಕಾಣಿಸುತ್ತಿಲ್ಲ. ಪುರೋಹಿತರ ಪಂಚೆ ನೀಲಿ ಜಾಸ್ತಿ ಹಾಕಿ ಒಗೆದ ಹಾಗಿತ್ತು. ಮನೆಯ ಅಜ್ಜಿ, "ನಮ್ಮ ಹುಡುಗಿ ಇಷ್ಟು ಕೆಂಪಗೆ ಯಾವಾಗ ಇದ್ದಳಪ್ಪಾ?" ಅಂದರು. ಮೆನು ತೆಗೆದೆ. ವಿವಿಡ್! ಅದೂ ಸಾಲದು ಅಂತ ಸ್ಟೋರ್ ಮೋಡ್ ಬೇರೆ. ಅದನ್ನು ಹೋಮ್ ಮಾಡಿ, ಸಿನಿಮಾ ಮೋಡ್ ಹಾಕಿದೆ. ಯಜಮಾನರು ತಕ್ಷಣ, "ಏನ್ ಸಾರ್, ಹಳದಿ ಹಿಡಿದುಬಿಟ್ಟಿತಲ್ಲ!" ಅಂದರು.

ಎಲ್ಲರೂ ಇದನ್ನೇ ಅನ್ನುತ್ತಾರೆ. ಕಣ್ಣು ನೀಲಿಗೆ ಒಗ್ಗಿರುತ್ತದೆ, ಅಷ್ಟೇ. ಸ್ಟುಡಿಯೋದಲ್ಲಿ ಬಣ್ಣ ಹೊಂದಿಸುವವರ ಬಿಳಿ ಸುಮಾರು 6500 ಕೆಲ್ವಿನ್. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಏರಿದಷ್ಟೂ ನೀಲಿ. ನಿಮ್ಮ ಮೆನುವಿನ ಕಲರ್ ಟೋನ್‌ನಲ್ಲಿ ಅದಕ್ಕೆ ಹತ್ತಿರದ್ದು ವಾರ್ಮ್. ನಾಳೆ ರಾತ್ರಿವರೆಗೂ ಯಾರೂ ಮುಟ್ಟಬೇಡಿ ಅಂದೆ. ಅಜ್ಜಿ ರಿಮೋಟನ್ನು ದಿಂಬಿನ ಕೆಳಗೆ ಇಟ್ಟುಕೊಂಡರು! ಮಾರನೇ ರಾತ್ರಿ ನಾನೇ ಫೋನ್ ಮಾಡಿ, ಈಗ ಒಂದು ಸಲ ವಿವಿಡ್ ಹಾಕಿ ನೋಡಿ ಅಂದೆ. ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು: "ಥೂ, ಕಣ್ಣಿಗೆ ಚುಚ್ಚುತ್ತೆ, ತೆಗಿಯೋ ಅದನ್ನ."

ಗಾಜಿನ ಆಚೆಯಿಂದ ಕೈಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಶಾರ್ಪ್‌ನೆಸ್ ಸೊನ್ನೆಯ ಹತ್ತಿರಕ್ಕೆ ಇಳಿಸಿ. ನ್ಯೂಸ್ ಚಾನೆಲ್‌ನಲ್ಲಿ ಕೆಳಗೆ ಓಡುವ ಅಕ್ಷರಗಳ ಸುತ್ತ ಇರುವ ಬಿಳಿ ಅಂಚು ಹೋಗುತ್ತದೆ. ಬ್ರೈಟ್‌ನೆಸ್ ಅಥವಾ ಬ್ಲ್ಯಾಕ್ ಲೆವೆಲ್ ಅನ್ನು ಕಪ್ಪು ಕೂದಲಿನ ಎಳೆ ಕಾಣುವಷ್ಟು ಇಡಿ. ಕಪ್ಪು ಬೂದು ಬಣ್ಣವಾದರೆ ಜಾಸ್ತಿ ಆಯಿತು ಅಂತ. ಸಿನಿಮಾ ಇರುವುದು ಸೆಕೆಂಡಿಗೆ 24 ಫ್ರೇಮ್. ಮೋಷನ್ ಸ್ಮೂದಿಂಗ್ ಆನ್ ಇದ್ದರೆ ಟಿ.ವಿ. ಮಧ್ಯೆ ತಾನೇ ಫ್ರೇಮ್ ಹುಟ್ಟಿಸಿ ತುರುಕುತ್ತದೆ, ದೊಡ್ಡ ಸಿನಿಮಾ ಧಾರಾವಾಹಿಯಾಗಿಬಿಡುತ್ತದೆ. ಆಫ್ ಮಾಡಿ. ಫಿಲ್ಮ್‌ಮೇಕರ್ ಮೋಡ್ ಅಂತ 2019ರಲ್ಲಿ ಘೋಷಿಸಿದರು. ನಿಮ್ಮ ಟಿ.ವಿ.ಯಲ್ಲಿ ಅದಿದ್ದರೆ ಒಂದೇ ಬಟನ್‌ನಲ್ಲಿ ಸ್ಮೂದಿಂಗ್ ಆಫ್ ಆಗುತ್ತದೆ.

ಇನ್ನೊಂದು. ಬಹಳ ಟಿ.ವಿ.ಗಳು ಒಂದೊಂದು ಇನ್‌ಪುಟ್‌ಗೂ ಬೇರೆ ಸೆಟ್ಟಿಂಗ್ ನೆನಪಿಟ್ಟುಕೊಳ್ಳುತ್ತವೆ. ಸೆಟ್‌ಟಾಪ್ ಬಾಕ್ಸ್‌ನಲ್ಲಿ ಒಮ್ಮೆ, ಆ್ಯಪ್‌ಗಳಲ್ಲಿ ಇನ್ನೊಮ್ಮೆ ಹೋಗಿ ವಿವಿಡ್ ತೆಗೆಯಿರಿ. ನಮಸ್ಕಾರ.