ಪಟ್ಟಿ ಎತ್ತಿ ತೆಗೆದ ಸಿನಿಮಾ ಯಾರದು?

ಕೇಳುಗರಿಗೆ ನಮಸ್ಕಾರ.

ಯುಗಾದಿ ಮುಗಿದ ಮೇಲೆ ಒಂದು ಭಾನುವಾರ ಸಿರುಗುಪ್ಪದಿಂದ ನನ್ನ ಅಕ್ಕನ ಮಗ ಬಳ್ಳಾರಿಗೆ ಬಂದ. ಜೊತೆಗೆ ಮೂವರು ಗೆಳೆಯರು. ಬಂದರು, ಕೂತರು, ಚಹಾ ಕುಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಕೀಲರ ಮನೆಗೆ ಬಂದವರು ಹಾಗೆ ಮುಖ ನೋಡಿಕೊಂಡರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ.

ಆಗಿದ್ದು ಇಷ್ಟು. ಈ ಹುಡುಗರಿಗೆ ಒಂದು ಕನ್ನಡ ಸಿನಿಮಾ ಅಂದರೆ ಪ್ರಾಣ. ಯಾವುದು ಅಂತ ಹೇಳುವುದು ಬೇಡ. ಅದರ ನಾಯಕನ ಅಪ್ಪ ಯಾರು, ಅವನ ಕಾಲದಲ್ಲಿ ಏನಾಗಿತ್ತು ಅನ್ನುವುದನ್ನು ತಾವೇ ಕಥೆ ಕಟ್ಟಿ, ನಲವತ್ತು ನಿಮಿಷದ ಸಿನಿಮಾ ಮಾಡಲು ಹೊರಟಿದ್ದರು. ಇಂಥದ್ದಕ್ಕೆ ಫ್ಯಾನ್ ಫಿಲ್ಮ್ ಅನ್ನುತ್ತಾರೆ. ಪಟ್ಟಿ ಎತ್ತಲು, ಅಂದರೆ ಜನರಿಂದ ವಂತಿಗೆ ಕೂಡಿಸಲು, ಒಂದು ಕ್ಯೂಆರ್ ಕೋಡ್ ಮಾಡಿ ವಾಟ್ಸಾಪಿನಲ್ಲಿ ಬಿಟ್ಟರು. ಹತ್ತು, ಐವತ್ತು ಅಂತ ಬಂದು ಬಂದು 38,000 ರೂಪಾಯಿ ಆಯಿತು. ಬಸ್ ಸ್ಟ್ಯಾಂಡ್ ಹತ್ತಿರ ಮಿರ್ಚಿ ಮಾರುವವರೊಬ್ಬರು 101 ಕೊಟ್ಟಿದ್ದರು. ಒಂದೂವರೆ ನಿಮಿಷದ ಟೀಸರ್ ಮಾಡಿ ಯೂಟ್ಯೂಬಿಗೆ ಹಾಕಿದರು. ಹಿನ್ನೆಲೆಗೆ ಮೂಲ ಸಿನಿಮಾದ್ದೇ ಸಂಗೀತ. ಮೂರನೇ ದಿನಕ್ಕೆ ಟೀಸರ್ ಮಾಯ! ಕಾಪಿರೈಟ್ ದೂರು ಬಂದಿದೆ ಅಂತ ಒಂದು ಸಾಲು ಅಷ್ಟೇ.

"ಮಾಮ, ನಾವೇನೂ ಕದ್ದಿಲ್ಲ. ಟಿಕೆಟ್ ಇಟ್ಟಿಲ್ಲ. ನೀವೂ ಜಾತ್ರೆ ನಾಟಕಕ್ಕೆ ಪಟ್ಟಿ ಎತ್ತಿದವರೇ ಅಲ್ವಾ? ಆಗ ನಿಮ್ಮನ್ನ ಯಾರೂ ಕೇಳಲಿಲ್ಲ. ನಮ್ಮನ್ನ ಯಾಕೆ ಕೇಳ್ತಾರೆ?"

ಈ ಪ್ರಶ್ನೆಗೆ ನಾನು ತಕ್ಷಣ ಉತ್ತರ ಕೊಡಲಿಲ್ಲ. ಯಾಕೆಂದರೆ ಅವನು ಹೇಳಿದ್ದು ನಿಜ. ನಮ್ಮೂರಲ್ಲಿ ತೇರು ಎಳೆದ ಮರುದಿನ ರಾತ್ರಿ ನಾಟಕ. ಎರಡು ತಿಂಗಳು ಮೊದಲೇ ಪಟ್ಟಿ ಹಿಡಿದು ಮನೆ ಮನೆ ತಿರುಗುತ್ತಿದ್ದೆವು. ಕೆಲವರು ಐದು ರೂಪಾಯಿ, ಕಾಲುವೆ ನೀರು ಬರುವ ಹೊಲದವರು ಒಂದು ಚೀಲ ಭತ್ತ. ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸೀನರಿ ಬಾಡಿಗೆ, ಲೈಟು, ಮೈಕು ಎಲ್ಲ ಅದರಲ್ಲೇ. ನಾಟಕದ ಪುಸ್ತಕ ಸಂತೆಯಲ್ಲಿ ಕೊಂಡದ್ದು. ಅದರ ಒಳಪುಟದಲ್ಲಿ 'ಎಲ್ಲ ಹಕ್ಕುಗಳನ್ನು ಕಾದಿರಿಸಿದೆ' ಅಂತ ಅಚ್ಚಾಗಿತ್ತು. ನಾವು ಆ ಪುಟವನ್ನು ಒಮ್ಮೆಯೂ ಓದಲಿಲ್ಲ. ಸೇನಾಪತಿ ಪಾತ್ರದ ಮಾತು ಎಲ್ಲಿ ಶುರುವಾಗುತ್ತದೆ ಅಂತ ಮಾತ್ರ ನೋಡಿದೆವು. ಸೇನಾಪತಿ ನಾನೇ.

ಆಮೇಲೆ ಕಾನೂನು ಓದುವಾಗ ಗೊತ್ತಾಯಿತು, ನಾವು ಮಾಡಿದ್ದು ತಪ್ಪೇನಲ್ಲ. 1957ರ ನಮ್ಮ ಕಾಪಿರೈಟ್ ಕಾಯಿದೆಯ 52ನೇ ಸೆಕ್ಷನ್ನಿನಲ್ಲಿ ಒಂದು ಸಣ್ಣ ಬಾಗಿಲು ತೆರೆದಿಟ್ಟಿದ್ದಾರೆ. ಹವ್ಯಾಸಿ ಸಂಘದವರು ದುಡ್ಡು ಕೊಡದ ಪ್ರೇಕ್ಷಕರ ಮುಂದೆ ಆಡಿದರೆ, ಇಲ್ಲವೇ ಧಾರ್ಮಿಕ ಸಂಸ್ಥೆಯ ನೆರವಿಗೆ ಆಡಿದರೆ, ಅದು ಹಕ್ಕಿನ ಉಲ್ಲಂಘನೆ ಅಲ್ಲ. ಜಾತ್ರೆಯ ನಾಟಕ ನೋಡಿಕೊಂಡೇ ಬರೆದ ಹಾಗಿದೆ, ಅಲ್ವಾ?

ಆದರೆ ಆ ಬಾಗಿಲು ಇರುವುದು ವೇದಿಕೆಯ ಮೇಲೆ ಆಡುವವರಿಗೆ. ರಾತ್ರಿ ಆಡಿದ ನಾಟಕ ಬೆಳಗಾದರೆ ಮುಗಿಯಿತು. ಕ್ಯಾಮೆರಾದಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದ್ದು ಮುಗಿಯುವುದಿಲ್ಲ. ಅದು ಪ್ರತಿ ಆಗುತ್ತದೆ, ಊರೂರು ತಿರುಗುತ್ತದೆ. ಒಬ್ಬರ ಕಥೆಯನ್ನು ಮುಂದುವರಿಸುವುದು, ಬದಲಿಸುವುದು, ಸಿನಿಮಾ ಮಾಡುವುದು ಇವೆಲ್ಲ ಆ ಕಥೆಯ ಒಡೆಯರ ಕೈಯಲ್ಲಿರುವ ಹಕ್ಕುಗಳು. ಟಿಕೆಟ್ ಇಡಲಿಲ್ಲ ಅಂದ ಮಾತ್ರಕ್ಕೆ ಅವು ನಮ್ಮ ಕೈಗೆ ಬರುವುದಿಲ್ಲ.

ಬಳ್ಳಾರಿಯವರಿಗೆ ಇದನ್ನು ಬೇರೆ ರೀತಿ ಹೇಳಬಹುದು. ಇಲ್ಲಿ ಎಷ್ಟೋ ಮನೆಗಳಲ್ಲಿ ಜೀನ್ಸ್ ಹೊಲಿಯುತ್ತಾರೆ. ಬಟ್ಟೆ ನಿನ್ನದು, ದಾರ ನಿನ್ನದು, ಹೊಲಿಗೆ ನಿನ್ನದು. ಹಿಂದಿನ ಜೇಬಿನ ಮೇಲೆ ಮಾತ್ರ ಬೇರೆಯವರ ಲೇಬಲ್ ಹಚ್ಚಿದರೆ? ಅದು ಟ್ರೇಡ್‌ಮಾರ್ಕ್, ಇದು ಕಾಪಿರೈಟ್, ಎರಡರ ಕಾಯಿದೆ ಬೇರೆ ಬೇರೆ. ಆದರೂ ಹುಡುಗರಿಗೆ ಈ ಮಾತು ಬೇಗ ತಲೆಗೆ ಹೋಯಿತು.

ಪಟ್ಟಿ ಎತ್ತಿ ಮಾಡಿದ ಫ್ಯಾನ್ ಫಿಲ್ಮಿನ ದೊಡ್ಡ ಜಗಳ ನಡೆದದ್ದು ಅಮೆರಿಕದಲ್ಲಿ. ಸ್ಟಾರ್ ಟ್ರೆಕ್ ಅಂತ ಒಂದು ಟಿವಿ ಧಾರಾವಾಹಿ, 1966ರಲ್ಲಿ ಶುರುವಾದದ್ದು. ಆಕಾಶನೌಕೆ, ಚೂಪು ಕಿವಿಯವರು, ಕ್ಲಿಂಗಾನ್ ಅನ್ನುವ ಜಗಳಗಂಟ ಜನ. ಅದರ ಅಭಿಮಾನಿಗಳು ಸ್ವಂತಕ್ಕೆ ಕಿರುಚಿತ್ರ ಮಾಡುವುದು ವರ್ಷಗಳಿಂದ ನಡೆದೇ ಇತ್ತು. ಒಡೆಯರಾದ ಕಂಪನಿಗಳು ನೋಡಿಯೂ ನೋಡದ ಹಾಗೆ ಇದ್ದವು. 2014ರಲ್ಲಿ 'ಆಕ್ಸನಾರ್' ಅನ್ನುವ ತಂಡ ಬಂತು. ಮೊದಲು ಸುಮಾರು ಇಪ್ಪತ್ತು ನಿಮಿಷದ ಒಂದು ಚಿತ್ರ ಮಾಡಿ ತೋರಿಸಿತು. ಅದು ಎಷ್ಟು ಚೆನ್ನಾಗಿತ್ತು ಅಂದರೆ, ಪೂರ್ತಿ ಸಿನಿಮಾಕ್ಕೆ ಅಂತ ಜನ ಸುರಿದ ದುಡ್ಡು ಒಟ್ಟು 10 ಲಕ್ಷ ಡಾಲರ್ ದಾಟಿತು. ಆಗಿನ ಲೆಕ್ಕದಲ್ಲಿ ಆರು ಕೋಟಿ ರೂಪಾಯಿಗೂ ಜಾಸ್ತಿ. ತಂಡದವರು ಸ್ಟುಡಿಯೋಕ್ಕೆ ಜಾಗ ಬಾಡಿಗೆ ಹಿಡಿದರು, ವೃತ್ತಿ ನಟರನ್ನು ಹಾಕಿಕೊಂಡರು.

2015ರ ಡಿಸೆಂಬರಿನಲ್ಲಿ ಆ ಒಡೆಯರು, ಸಿಬಿಎಸ್ ಮತ್ತು ಪ್ಯಾರಾಮೌಂಟ್ ಕಂಪನಿಗಳು, ಕ್ಯಾಲಿಫೋರ್ನಿಯಾದ ಕೋರ್ಟಿಗೆ ಹೋದವು. ನಮ್ಮದನ್ನು ಏನೇನು ತೆಗೆದುಕೊಂಡಿದ್ದಾರೆ ಅಂತ ಒಂದೊಂದಾಗಿ ಬರೆದು ಕೊಟ್ಟವು. ವೇಷ, ನೌಕೆ, ಕಿವಿ, ಕೊನೆಗೆ ಕ್ಲಿಂಗಾನ್ ಜನ ಆಡುವ ಭಾಷೆ ಕೂಡ! ಆ ಭಾಷೆಯನ್ನು ಸಿನಿಮಾಕ್ಕೆಂದೇ ಕಟ್ಟಿದ್ದು, ನಿಜ. ಆದರೆ ಜನ ಕಲಿತು ಮಾತಾಡುವ ಭಾಷೆಗೆ ಒಡೆಯ ಅಂತ ಒಬ್ಬ ಇರಲು ಸಾಧ್ಯವೇ ಅಂತ ಭಾಷೆ ಕಟ್ಟುವವರ ಸಂಘವೊಂದು ಕೋರ್ಟಿಗೆ ತನ್ನ ವಾದ ಬರೆದು ಕೊಟ್ಟಿತು. ನಡುನಡುವೆ ಕ್ಲಿಂಗಾನ್ ಭಾಷೆಯಲ್ಲೇ ಬರೆದಿತ್ತು. ಆ ಪ್ರಶ್ನೆ ಇತ್ಯರ್ಥ ಆಗಲೇ ಇಲ್ಲ. ನನಗಂತೂ ಇಡೀ ಕೇಸಿನಲ್ಲಿ ಅದೇ ರುಚಿ ಅನಿಸಿದ್ದು.

2017ರ ಜನವರಿಯಲ್ಲಿ ನ್ಯಾಯಾಧೀಶರು, ಇಲ್ಲಿ ನ್ಯಾಯಯುತ ಬಳಕೆ, ಅಂದರೆ ಕೆಲವು ಸಂದರ್ಭಗಳಲ್ಲಿ ಅಪ್ಪಣೆ ಇಲ್ಲದೆಯೂ ಬಳಸಬಹುದು ಅನ್ನುವ ರಕ್ಷಣೆ, ಸಿಗುವುದಿಲ್ಲ ಅಂದರು. ಅದೇ ತಿಂಗಳು ರಾಜಿ ಆಯಿತು. ಹದಿನೈದು ಹದಿನೈದು ನಿಮಿಷದ ಎರಡು ತುಂಡು ಮಾಡಿಕೊಳ್ಳಿ, ಜಾಹೀರಾತು ಹಾಕಬೇಡಿ ಅಂತ. ಇಷ್ಟರೊಳಗೆ, 2016ರ ಜೂನ್‌ನಲ್ಲೇ, ಕಂಪನಿಗಳು ಎಲ್ಲ ಅಭಿಮಾನಿಗಳಿಗೂ ನಿಯಮ ಮಾಡಿಬಿಟ್ಟಿದ್ದವು. ಒಂದು ಕಥೆ ಹದಿನೈದು ನಿಮಿಷ ದಾಟಬಾರದು, ಎರಡು ಭಾಗ ಮಾಡಿದರೂ ಒಟ್ಟು ಅರ್ಧ ತಾಸು ದಾಟಬಾರದು. ಎತ್ತುವ ದುಡ್ಡು 50,000 ಡಾಲರ್ ದಾಟಬಾರದು. ಯಾರಿಗೂ ಸಂಬಳ ಇಲ್ಲ. ಒಬ್ಬರು ದೊಡ್ಡದಾಗಿ ಮಾಡಲು ಹೋದರು, ಸಣ್ಣದಾಗಿ ಮಾಡಿಕೊಂಡಿದ್ದವರಿಗೂ ಬೇಲಿ ಬಿತ್ತು.

ಪೂರ್ತಿ ಸಿನಿಮಾ ಬರುತ್ತದೆ ಅಂತ ದುಡ್ಡು ಕೊಟ್ಟವರು ಸಾವಿರಾರು ಜನ. ಅವರಿಗೆ ಸಿಗುವುದು ಹೆಚ್ಚೆಂದರೆ ಅರ್ಧ ತಾಸಿನದು ಅಂತಾಯಿತು. ಕಥೆಯ ಒಡೆಯರ ಜೊತೆಗಿನ ತಕರಾರು ಕೋರ್ಟಿನಲ್ಲಿ ಮುಗಿಯಿತು. ಪಟ್ಟಿ ಕೊಟ್ಟವರಿಗೆ ಆಡಿದ ಮಾತು ಎಲ್ಲಿ ಮುಗಿಯಬೇಕು?

ಹಾಗಂತ ಪಟ್ಟಿ ಎತ್ತುವುದೇ ತಪ್ಪಲ್ಲ. 1976ರ 'ಮಂಥನ್' ಸಿನಿಮಾಕ್ಕೆ ಗುಜರಾತಿನ 5 ಲಕ್ಷ ಹೈನುಗಾರರು ತಲಾ 2 ರೂಪಾಯಿ ಹಾಕಿದ್ದರು. ನಮ್ಮಲ್ಲೇ 2013ರ 'ಲೂಸಿಯಾ' ಪ್ರೇಕ್ಷಕರ ದುಡ್ಡಿನಿಂದ ಆದದ್ದು. ಎರಡರಲ್ಲೂ ಕಥೆ ಮಾಡುವವರದೇ ಆಗಿತ್ತು, ಅಷ್ಟೇ ವ್ಯತ್ಯಾಸ.

ಸಂಗೀತದ ಮಾತು ಬೇರೆ. ಹುಡುಗರ ಟೀಸರ್ ಬಿದ್ದದ್ದು ಅದರಿಂದಲೇ ಅಂತ ನನ್ನ ಅಂದಾಜು. ಸ್ಟಾರ್ ವಾರ್ಸ್ ಅನ್ನುವುದು ಅಮೆರಿಕದ ಇನ್ನೊಂದು ಸಿನಿಮಾ ಸರಣಿ. ಅದರ ಅಭಿಮಾನಿಯೊಬ್ಬ ಸ್ವಂತ ದುಡ್ಡಿನಲ್ಲಿ ಚಿತ್ರ ಮಾಡಿ ಯೂಟ್ಯೂಬಿನಲ್ಲಿ ಪುಕ್ಕಟೆ ಬಿಟ್ಟಿದ್ದ. 2019ರ ಜನವರಿಯಲ್ಲಿ ಅದರ ಮೇಲೂ ದೂರು ಬಂತು. ಮೂಲ ಸಿನಿಮಾದ ಒಂದು ಟ್ಯೂನ್ ಅದರಲ್ಲಿದೆ ಅಂತ. ಕೊನೆಗೆ ಸ್ಟಾರ್ ವಾರ್ಸ್ ಕಂಪನಿಯವರೇ ನಡುವೆ ಬಂದು ಅದನ್ನು ಬಿಡಿಸಿದರು. ಎಲ್ಲರಿಗೂ ಅಂಥ ಪುಣ್ಯ ಇರುವುದಿಲ್ಲ. ನಮ್ಮಲ್ಲಿ ಹಾಡಿನ ಹಕ್ಕು ಎಷ್ಟೋ ಸಲ ನಿರ್ಮಾಪಕರ ಹತ್ತಿರ ಇರುವುದೇ ಇಲ್ಲ, ಆಡಿಯೋ ಕಂಪನಿಗೆ ಮಾರಿರುತ್ತಾರೆ.

ಇಷ್ಟು ಹೇಳುವಾಗ ಅಕ್ಕನ ಫೋನು. "ನನ್ನ ಮಗ ಜೈಲಿಗೆ ಹೋಗ್ತಾನೇನೋ ತಮ್ಮಾ?" ಕಾಯಿದೆಯ ಪುಸ್ತಕದಲ್ಲಿ ಜೈಲು ಇದೆ, ಸುಳ್ಳು ಹೇಳಬಾರದು. ಗೊತ್ತಿದ್ದೂ ಉಲ್ಲಂಘಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ. ವ್ಯಾಪಾರದ ಲಾಭಕ್ಕೆ ಮಾಡಿಲ್ಲದಿದ್ದರೆ, ತಕ್ಕ ಕಾರಣ ಬರೆದು, ಕೋರ್ಟು ಇನ್ನೂ ಕಡಿಮೆ ಮಾಡಬಹುದು. ಒಂದೂವರೆ ನಿಮಿಷದ ಟೀಸರಿಗೆ ಯಾರೂ ಅಲ್ಲಿವರೆಗೆ ಹೋಗುವುದಿಲ್ಲ ಅಂತ ಅಕ್ಕನಿಗೆ ಸಮಾಧಾನ ಹೇಳಿದೆ.

ಹುಡುಗರಿಗೆ ಜೈಲಿಗಿಂತ ಬೇರೆ ಮಾತು ಚುಚ್ಚಿತು. 13ನೇ ಸೆಕ್ಷನ್ ಏನು ಹೇಳುತ್ತದೆ ಅಂದರೆ, ಒಂದು ಸಿನಿಮಾದ ಗಣನೀಯ ಭಾಗ ಬೇರೆಯವರ ಹಕ್ಕು ಮೀರಿ ಮಾಡಿದ್ದಾದರೆ, ಆ ಸಿನಿಮಾಕ್ಕೆ ಕಾಪಿರೈಟೇ ಹುಟ್ಟುವುದಿಲ್ಲ. ಅಂದರೆ ಆರು ತಿಂಗಳು ಬಿಸಿಲಲ್ಲಿ ಸುಟ್ಟುಕೊಂಡು ನೀವು ತೆಗೆದದ್ದನ್ನು ಇನ್ನೊಬ್ಬ ಎತ್ತಿ ತನ್ನ ಚಾನೆಲ್ಲಿಗೆ ಹಾಕಿಕೊಂಡರೆ, ಕಾಪಿರೈಟ್ ನಮ್ಮದು ಅಂತ ನೀವು ಹೋಗುವ ಹಾಗಿಲ್ಲ. ಅಳಿಯ ಇದಕ್ಕೆ ಏನೂ ಅನ್ನಲಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದ.

"ಹಂಗಾದ್ರೆ ಏನ್ ಮಾಡ್ಬೇಕು ಮಾಮ?"

ಮೊದಲು ಕೇಳಿ ನೋಡಬೇಕು. ಸಿನಿಮಾ ಶುರುವಾಗುವ ಮುಂಚೆ ತೋರಿಸುವ ಸೆನ್ಸಾರ್ ಪತ್ರದಲ್ಲಿ ನಿರ್ಮಾಪಕರ ಹೆಸರು ಇರುತ್ತದೆ. ಅವರಿಗೆ ಒಂದು ಪತ್ರ. ಏನು ಮಾಡುತ್ತೇವೆ, ಎಷ್ಟು ನಿಮಿಷ, ದುಡ್ಡು ಎಲ್ಲಿಂದ, ಜಾಹೀರಾತು ಇಲ್ಲ, ಎಲ್ಲ ಬಿಚ್ಚಿ ಬರೆಯಬೇಕು. ಒಪ್ಪಿಗೆಯನ್ನು ಬರಹದಲ್ಲೇ ತೆಗೆದುಕೊಳ್ಳಬೇಕು. ಫೋನಿನಲ್ಲಿ 'ಆಯ್ತು ಮಾಡ್ರಪ್ಪ' ಅಂದದ್ದು ನಾಳೆ ಹಕ್ಕು ಮಾರಾಟವಾದ ಮೇಲೆ ಯಾರ ನೆನಪಿನಲ್ಲೂ ಇರುವುದಿಲ್ಲ.

ಕೊಡದಿದ್ದರೆ? ಪಾತ್ರ ಬಿಡಿ, ಹೆಸರು ಬಿಡಿ, ಟ್ಯೂನ್ ಬಿಡಿ. ಅಪ್ಪ ಮಗನ ಕಥೆಗೆ ಯಾರೂ ಒಡೆಯರಿಲ್ಲ. ಬರೀ ಕಲ್ಪನೆಗೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಇದೆ ಅಂತ 1978ರಲ್ಲೇ ಆರ್. ಜಿ. ಆನಂದ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತನ್ನ ನಾಟಕವನ್ನು ಕದ್ದು ಸಿನಿಮಾ ಮಾಡಿದರು ಅಂತ ಹೋದ ನಾಟಕಕಾರರು ಅಲ್ಲಿ ಸೋತರು.

ಆಗ ಗುಂಪಿನಲ್ಲಿದ್ದ ಗಂಗಾವತಿ ಕಡೆಯ ಹುಡುಗ, ಅಲ್ಲಿವರೆಗೆ ಬಾಯಿ ತೆರೆಯದವನು, "ಸಾರ್, ಕುಮಾರರಾಮ?" ಅಂದ. ನನಗೆ ಖುಷಿಯಾಯಿತು. ಕಂಪಿಲರಾಯನ ಮಗ. ದಿಲ್ಲಿಯ ಸೈನ್ಯಕ್ಕೆ ಎದುರು ನಿಂತವನು. ಅವನ ಕುಮ್ಮಟದುರ್ಗ ಕೊಪ್ಪಳ ಜಿಲ್ಲೆಯಲ್ಲೇ ಇದೆ, ಅಪ್ಪ ಆಳಿದ ಕಂಪ್ಲಿ ನಮ್ಮ ಜಿಲ್ಲೆಯಲ್ಲಿದೆ. ಚೆಂಡು ಹೋಗಿ ಮಲತಾಯಿ ರತ್ನಾಜಿಯ ಅರಮನೆಗೆ ಬಿದ್ದದ್ದರಿಂದ ಕಥೆ ಹೊತ್ತಿಕೊಳ್ಳುತ್ತದೆ. ಏಳುನೂರು ವರ್ಷ ಹಳೆಯ ಅಭಿಮಾನ ಅದು. ಯಾರ ಅಪ್ಪಣೆಯೂ ಬೇಡ. ಒಂದೇ ಎಚ್ಚರ. ಈಚಿನವರು ಬರೆದ ನಾಟಕದ ಮಾತು, ಸಿನಿಮಾದ ಹಾಡು ಎತ್ತಬಾರದು. ಬರೆದವರು ತೀರಿಕೊಂಡು 60 ವರ್ಷ ಆಗುವವರೆಗೆ ಆ ಮಾತುಗಳು ಅವರ ಮನೆಯವರವು, ಇಲ್ಲವೇ ಹಕ್ಕು ಕೊಂಡವರವು.

ನಮ್ಮ ಊರಿನ ಹೆಮ್ಮೆಯ ನಟ ಬಳ್ಳಾರಿ ರಾಘವರೂ ವಕೀಲರೇ. ಹಗಲು ಕೋರ್ಟು, ರಾತ್ರಿ ಬಣ್ಣ. ಅವರಿದ್ದಿದ್ದರೆ ಹುಡುಗರಿಗೆ ನನಗಿಂತ ಚೆನ್ನಾಗಿ ತಿಳಿಸಿ ಹೇಳುತ್ತಿದ್ದರು, ಆಮೇಲೆ ಒಂದು ಪಾತ್ರವನ್ನೂ ಕೇಳುತ್ತಿದ್ದರೋ ಏನೋ.

ನಿರ್ಮಾಪಕರಿಗೆ ಪತ್ರ ಹೋಗಿದೆ. ಇನ್ನೂ ಉತ್ತರ ಬಂದಿಲ್ಲ. ಅಷ್ಟರಲ್ಲಿ ಹುಡುಗರು ಕ್ಯಾಮೆರಾ ಹೊತ್ತು ಎರಡು ಸಲ ಕುಮ್ಮಟದುರ್ಗ ಹತ್ತಿ ಬಂದಿದ್ದಾರೆ. ಕಥೆ ಬದಲಾಗಬಹುದು, ಬೇಕಾದವರು ದುಡ್ಡು ವಾಪಸ್ ತೆಗೆದುಕೊಳ್ಳಿ ಅಂತ ಪಟ್ಟಿ ಕೊಟ್ಟ ಎಲ್ಲರಿಗೂ ತಿಳಿಸಿದರು. ಹನ್ನೊಂದು ಜನ ತೆಗೆದುಕೊಂಡರು. ಮಿರ್ಚಿಯವರ ಹತ್ತಿರ ಅಳಿಯನೇ ನೂರಾ ಒಂದು ರೂಪಾಯಿ ಹಿಡಿದು ಹೋದ. ಅವರು ಬಾಣಲೆಯಿಂದ ಕಣ್ಣೆತ್ತದೆ ಅಂದರಂತೆ: "ಇಟ್ಕೋರಿ, ಯಾವ ಕಥಿಯಾದ್ರೂ ಮಾಡ್ರಿ. ಕೊನೆಗೆ ಹೆಸರು ಬರ್ತಾವಲ್ಲ, ಅಲ್ಲಿ ನಮ್ಮ ಅಂಗಡಿ ಹೆಸರು ತಪ್ಪಿಲ್ಲದಂಗ ಬರಿಸ್ರಿ."

ನಮಸ್ಕಾರ.