ವೇದಿಕೆಯ ಕೆಳಗಿನ ವಾದ್ಯ: ರಾಕ್ ಕಾನ್ಸರ್ಟನ್ನು ಅಭಿಮಾನಿಗಳು ಕಟ್ಟುವ ಬಗೆ

[ದೃಶ್ಯ: ನವಿ ಮುಂಬಯಿಯ ನೆರುಳ್. ಡಿ. ವೈ. ಪಾಟೀಲ್ ಕ್ರೀಡಾಂಗಣದ ಹೊರಗೋಡೆ, ಸಂಜೆಯ ಬೆಳಕು. ನಿರೂಪಕ ಗೇಟಿನ ಎದುರು ನಿಂತಿದ್ದಾರೆ.]

ನಮಸ್ಕಾರ. ಐರ್ಲೆಂಡಿನ ಯು2 ತಂಡವು ಭಾರತದಲ್ಲಿ ಮೊಟ್ಟಮೊದಲು ಹಾಡಿದ್ದು ಇದೇ ಕ್ರೀಡಾಂಗಣದಲ್ಲಿ, 2019ರ ಡಿಸೆಂಬರ್ 15ರ ಭಾನುವಾರ ರಾತ್ರಿ. ಅಂದು ನನಗೆ ಸಿಕ್ಕಿದ್ದು ವೇದಿಕೆಗೆ ಎದುರಾದ ಕೊನೆಯಲ್ಲಿ, ಮೇಲಂತಸ್ತಿನ ಸೀಟು. ಅಲ್ಲಿಂದ ನೋಡಿದರೆ ಡ್ರಮ್ಮಿನ ಮೇಲೆ ಕೋಲು ಬೀಳುವುದು ಮೊದಲು ಕಾಣುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು. ಊರಿನ ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ಕಂಡವರಿಗೆ ಇದು ಹೊಸ ಅನುಭವವಲ್ಲ. ಬಟ್ಟೆ ಕಲ್ಲಿಗೆ ಬಡಿದು ಕೈ ಮತ್ತೆ ಮೇಲೆದ್ದ ಮೇಲೆ ‘ಠಪ್’ ಎಂಬ ಶಬ್ದ ನಮ್ಮ ಕಿವಿಗೆ ಮುಟ್ಟುತ್ತದೆ.

[ದೃಶ್ಯ: ಕ್ರೀಡಾಂಗಣದ ರೇಖಾಚಿತ್ರ. ವೇದಿಕೆಯಿಂದ ಹೊರಟ ಶಬ್ದದ ಅಲೆ ನಿಧಾನವಾಗಿ ಹಿಂಬದಿಗೆ ಹರಡುತ್ತದೆ.]

ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಎಂದರೆ ವೇದಿಕೆಯಿಂದ 100 ಮೀಟರ್ ದೂರದಲ್ಲಿ ಕುಳಿತವರಿಗೆ ಅದು 0.29 ಸೆಕೆಂಡ್ ತಡವಾಗಿ ಕೇಳುತ್ತದೆ. ನಿಮಿಷಕ್ಕೆ 120 ತಾಳಪೆಟ್ಟುಗಳಿರುವ ಹಾಡಿನಲ್ಲಿ ಎರಡು ಪೆಟ್ಟುಗಳ ನಡುವಿನ ಅಂತರವೇ ಅರ್ಧ ಸೆಕೆಂಡ್. ಹಿಂದೆ ಕುಳಿತವರು ಕಿವಿಯನ್ನು ಮಾತ್ರ ನಂಬಿ ಚಪ್ಪಾಳೆ ಹೊಡೆದರೆ, ಆ ಚಪ್ಪಾಳೆ ಮತ್ತೆ ಅಷ್ಟೇ ದೂರ ಮರಳಿ ಗಾಯಕನನ್ನು ತಲುಪುವಾಗ 0.58 ಸೆಕೆಂಡ್ ಕಳೆದಿರುತ್ತದೆ, ತಾಳ ಒಂದು ಪೆಟ್ಟಿಗಿಂತಲೂ ಹಿಂದೆ ಬಿದ್ದಿರುತ್ತದೆ. ದೊಡ್ಡ ಮೈದಾನಗಳಲ್ಲಿ ನಡುನಡುವೆ ಸ್ಪೀಕರ್ ಗೋಪುರಗಳನ್ನು ನಿಲ್ಲಿಸಿ, ವೇದಿಕೆಯ ಸದ್ದು ಅಲ್ಲಿಗೆ ಬರುವ ಕ್ಷಣಕ್ಕೆ ಸರಿಹೊಂದುವಂತೆ ಅವುಗಳ ಸದ್ದನ್ನು ಬೇಕೆಂದೇ ತಡಮಾಡುತ್ತಾರೆ. ಇದರಿಂದ ಹಿಂದಿನವರಿಗೆ ಹಾಡು ಸ್ಪಷ್ಟವಾಗಿ ಕೇಳುತ್ತದೆ ನಿಜ, ಆದರೆ ಅವರ ಚಪ್ಪಾಳೆಯನ್ನು ಯಾವ ಯಂತ್ರವೂ ತಿದ್ದುವುದಿಲ್ಲ.

ಈ ಲೆಕ್ಕದ ಪ್ರಕಾರ ಹತ್ತಾರು ಸಾವಿರ ಜನ ಸೇರಿದ ಕಾನ್ಸರ್ಟಿನಲ್ಲಿ ಚಪ್ಪಾಳೆ ಎಂದರೆ ತಗಡಿನ ಮೇಲೆ ಬೀಳುವ ಮಳೆಯಂತೆ ಅಸ್ತವ್ಯಸ್ತವಾಗಿರಬೇಕಿತ್ತು. ಅನೇಕ ಸಲ ಹಾಗಾಗುವುದೂ ಉಂಟು. ಹಾಗಾಗದ ರಾತ್ರಿಗಳಲ್ಲಿ ಅದನ್ನು ತಡೆಯುವವರು ಆ ತಂಡದ ಕಟ್ಟಾ ಅಭಿಮಾನಿಗಳು. ಹಾಡನ್ನು ನೂರಾರು ಸಲ ಕೇಳಿ ಬಂದವರು ತಾಳ ಕೇಳಿಸಲೆಂದು ಕಾಯುವುದಿಲ್ಲ. ಅದು ಎಲ್ಲಿ ಬೀಳುತ್ತದೆಂದು ಅವರಿಗೆ ಮೊದಲೇ ಗೊತ್ತಿರುತ್ತದೆ. ಅವರು ಕೈಗಳನ್ನು ತಲೆಯ ಮೇಲೆತ್ತಿ ಚಪ್ಪಾಳೆ ಹೊಡೆಯುವುದರಿಂದ ಹಿಂದಿದ್ದವರಿಗೆ ತಾಳ ಕಣ್ಣಿಗೆ ಕಾಣುತ್ತದೆ. ಬೆಳಕಿಗೆ ಶಬ್ದದ ತಡ ಇಲ್ಲ. ಮುಂದಿನ ಕೆಲವು ಸಾಲುಗಳ ಈ ಎತ್ತಿದ ಕೈಗಳು, ಹಾಡನ್ನು ಅಷ್ಟಾಗಿ ಅರಿಯದ ಸಾವಿರಾರು ಜನರಿಗೆ ತಾಳದ ಮೇಳವಾಗಿ ನಿಲ್ಲುತ್ತವೆ.

[ದೃಶ್ಯ: ಪಂಚಗಣಿಯ ಘಾಟಿ ರಸ್ತೆ, ಮಂಜು.]

ಅಭಿಮಾನಿಗಳ ಈ ಶಕ್ತಿಯನ್ನು ಬಹಳ ಸ್ಪಷ್ಟವಾಗಿ ಗುರುತಿಸಿದ ತಂಡದ ಗಾಯಕ ಓದಿದ್ದು ನಮ್ಮ ನೆರೆಯಲ್ಲಿಯೇ. ಜಾಂಜಿಬಾರಿನಲ್ಲಿ 1946ರಲ್ಲಿ ಹುಟ್ಟಿದ ಪಾರ್ಸಿ ಹುಡುಗ ಫರ್ರೋಖ್ ಬಲ್ಸಾರಾ, ಪುಣೆಯಿಂದ ಸುಮಾರು ನೂರು ಕಿಲೋಮೀಟರ್ ದೂರದ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯ ವಸತಿ ವಿದ್ಯಾರ್ಥಿಯಾಗಿದ್ದರು, ಅಲ್ಲಿನ ಗೆಳೆಯರ ತಂಡದಲ್ಲಿ ಪಿಯಾನೊ ನುಡಿಸುತ್ತಿದ್ದರು. ಜಗತ್ತು ಅವರನ್ನು ಫ್ರೆಡ್ಡಿ ಮರ್ಕ್ಯುರಿ ಎಂಬ ಹೆಸರಿನಿಂದ ಬಲ್ಲದು. 1977ರಲ್ಲಿ ಅವರ ಕ್ವೀನ್ ತಂಡವು ಇಂಗ್ಲೆಂಡಿನ ಸ್ಟ್ಯಾಫರ್ಡ್ ಪಟ್ಟಣದ ಬಿಂಗ್ಲಿ ಹಾಲಿನಲ್ಲಿ ಹಾಡಿ ವೇದಿಕೆಯಿಂದ ಇಳಿದ ಮೇಲೂ ಜನ ಕದಲಲಿಲ್ಲ. ಫುಟ್‌ಬಾಲ್ ಮೈದಾನಗಳಲ್ಲಿ ಹಾಡುವ ಗೀತೆಯೊಂದನ್ನು ತಂಡಕ್ಕಾಗಿ ತಾವೇ ಹಾಡತೊಡಗಿದರು. ಗಿಟಾರ್ ವಾದಕ ಬ್ರಯಾನ್ ಮೇ ಇದನ್ನು ಕೇಳಿ ಬೆರಗಾದರು. ಒತ್ತೊತ್ತಾಗಿ ನಿಂತ ಜನಕ್ಕೆ ಮಾಡಲು ಸಾಧ್ಯವಿರುವುದು ಏನು ಎಂದು ಅವರು ಯೋಚಿಸಿದರು: ನೆಲಕ್ಕೆ ಕಾಲು ಬಡಿಯಬಹುದು, ಚಪ್ಪಾಳೆ ಹೊಡೆಯಬಹುದು, ಹಾಡಬಹುದು. ಎರಡು ಸಲ ಕಾಲು, ಒಂದು ಸಲ ಕೈ ಎಂಬ ತಾಳದ ಮೇಲೆ ನಿಂತ ‘ವಿ ವಿಲ್ ರಾಕ್ ಯೂ’ ಹುಟ್ಟಿದ್ದು ಹಾಗೆ. ಕೊನೆಯ ಗಿಟಾರಿನವರೆಗೆ ಆ ಹಾಡಿನಲ್ಲಿರುವುದು ಕಂಠ, ಕಾಲು, ಕೈ, ಇಷ್ಟೇ.

ನನಗೆ ಇನ್ನೂ ಹೆಚ್ಚು ಪ್ರಿಯವಾದ ವಿವರ ಮುಂದಿನದು. ಸ್ಟುಡಿಯೋದಲ್ಲಿ ಕೆಲವೇ ಜನ ಮರದ ಹಲಗೆಗಳ ಮೇಲೆ ಕಾಲು ಬಡಿದ ಸದ್ದನ್ನು ಮೇ ಅವರು ಬೇರೆ ಬೇರೆ ಅಂತರದ ತಡಗಳೊಂದಿಗೆ ಪದರು ಪದರಾಗಿ ಸೇರಿಸಿದರು. ಭೌತಶಾಸ್ತ್ರದ ವಿದ್ಯಾರ್ಥಿಯಾಗಿದ್ದ ಅವರು, ಪ್ರತಿಧ್ವನಿಯಂತೆ ಕೇಳಬಾರದು, ದೂರದೂರಕ್ಕೆ ನಿಂತ ಜನರಂತೆ ಕೇಳಬೇಕೆಂದು ಆ ತಡಗಳನ್ನು ಅವಿಭಾಜ್ಯ ಸಂಖ್ಯೆಗಳ ಅನುಪಾತದಲ್ಲಿ ಆರಿಸಿದರು. ನೆರುಳಿನ ಮೇಲಂತಸ್ತಿನಲ್ಲಿ ನನ್ನನ್ನು ಕಾಡಿದ ಅದೇ ತಡವನ್ನು ಅವರು ಹಾಡಿನೊಳಗೇ ಹೊಸೆದಿದ್ದರು. ಆ ಹಾಡಿನ ನಿಧಾನಗತಿಯೂ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಪೆಟ್ಟುಗಳ ನಡುವೆ ಹೆಚ್ಚು ಸಮಯವಿದ್ದಷ್ಟೂ ಶಬ್ದದ ತಡ ಕಡಿಮೆ ಬಾಧಿಸುತ್ತದೆ. ಹಂಗೇರಿ ಮತ್ತು ರೊಮೇನಿಯಾದ ಸಭಾಂಗಣಗಳಲ್ಲಿ ಚಪ್ಪಾಳೆಗಳನ್ನು ಧ್ವನಿಮುದ್ರಿಸಿದ ಸಂಶೋಧಕರು 2000ನೇ ಇಸವಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದುದೂ ಇದಕ್ಕೆ ಹೊಂದುತ್ತದೆ: ಚದುರಿದ ಚಪ್ಪಾಳೆ ಒಂದಾಗುವುದು ಜನರು ತಮ್ಮ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸಿದಾಗ. ಸದ್ದು ಹೆಚ್ಚಿಸುವ ಆಸೆಯಿಂದ ವೇಗ ಏರಿಸಿದರೆ ಆ ಒಗ್ಗಟ್ಟು ಮುರಿಯುತ್ತದೆ.

1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಲೈವ್ ಏಯ್ಡ್ ಕಾರ್ಯಕ್ರಮದಲ್ಲಿ ಸುಮಾರು 72,000 ಜನ ಕ್ವೀನ್ ತಂಡದ ಇನ್ನೊಂದು ಹಾಡಿಗೆ ಒಟ್ಟಾಗಿ ಕೈ ಎತ್ತಿ ಚಪ್ಪಾಳೆ ಹೊಡೆದ ದೃಶ್ಯವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಆ ಚಪ್ಪಾಳೆಯ ಕ್ರಮವನ್ನು ಜನ ಹಾಡಿನ ವಿಡಿಯೋ ನೋಡಿ ಮನೆಯಲ್ಲೇ ಕಲಿತಿದ್ದರು.

[ದೃಶ್ಯ: ಧೋಬಿ ತಲಾವ್. ರಂಗಭವನದ ಮುಚ್ಚಿದ ಗೇಟು.]

ಈಗ ಮುಂಬಯಿಗೆ ಬರೋಣ. ಧೋಬಿ ತಲಾವಿನಲ್ಲಿ, ಸೇಂಟ್ ಝೇವಿಯರ್ಸ್ ಕಾಲೇಜಿನ ಮಗ್ಗುಲಲ್ಲಿರುವ ಈ ಬಯಲು ರಂಗಮಂದಿರದ ಹೆಸರು ರಂಗಭವನ. ಬ್ರಿಟನ್ನಿನ ದಿ ಪೊಲೀಸ್ ತಂಡ 1980ರಲ್ಲಿ ಇಲ್ಲಿ ಹಾಡಿತ್ತು. 1986ರಲ್ಲಿ ಇಲ್ಲಿ ಆರಂಭವಾದ ಇಂಡಿಪೆಂಡೆನ್ಸ್ ರಾಕ್ ಉತ್ಸವವನ್ನು ನಾವೆಲ್ಲ ‘ಐ-ರಾಕ್’ ಎನ್ನುತ್ತಿದ್ದೆವು. ಆಗಸ್ಟ್ ತಿಂಗಳ ಮಳೆ, ಕಪ್ಪು ಟೀ ಶರ್ಟು, ಕೆಸರಾದ ಬೂಟು, ಕಾಲಾ ಘೋಡಾದ ರಿದಮ್ ಹೌಸ್ ಅಂಗಡಿಯಲ್ಲಿ ಕೊಂಡ ಒಂದು ಕ್ಯಾಸೆಟ್ಟಿನಿಂದ ನಕಲು ಮಾಡಿಕೊಂಡ ಹತ್ತು ಕ್ಯಾಸೆಟ್ಟುಗಳು. ಡೊಂಬಿವಲಿಯಿಂದ ಸೆಕೆಂಡ್ ಕ್ಲಾಸಿನಲ್ಲಿ ಬರುತ್ತಿದ್ದ ನನ್ನಂಥ ಹುಡುಗರಿಗೆ ಅದೇ ಪಾಠಶಾಲೆ. ಭಾರತದ ತಂಡಗಳು ವಿದೇಶದ ಹಾಡುಗಳನ್ನೇ ನುಡಿಸಲಿ ಎಂದು ಪ್ರೇಕ್ಷಕರು ಬಯಸುತ್ತಿದ್ದ ಕಾಲದಲ್ಲಿ ಮುಂಬಯಿಯ ರಾಕ್ ಮಷೀನ್ ತಂಡ, ಅಂದರೆ ಮುಂದೆ ಇಂಡಸ್ ಕ್ರೀಡ್ ಎಂದು ಹೆಸರು ಬದಲಿಸಿಕೊಂಡ ತಂಡ, 1988ರಲ್ಲಿ ತನ್ನದೇ ಹಾಡುಗಳ ಆಲ್ಬಮ್ ಹೊರತಂದಿತು. ಸ್ವಂತ ಹಾಡು ಬದುಕಬೇಕಾದರೆ ಅದರ ಸಾಲುಗಳನ್ನು ಬಾಯಿಪಾಠ ಮಾಡಿ ಬರುವ ಐವತ್ತು ಜನರಾದರೂ ಬೇಕು. ಆ ಐವತ್ತು ಜನ ಹಾಡಿದರೆ ಪಕ್ಕದಲ್ಲಿದ್ದ ಐನೂರು ಜನರಿಗೆ ಅದು ಮುಂದಿನ ವರ್ಷ ಪರಿಚಿತ ಹಾಡು. ರಂಗಭವನದ ಮುಂದಿನ ಸಾಲುಗಳು ಮಾಡಿದ ಈ ಕೆಲಸವನ್ನು ಯಾರೂ ಬರೆದಿಡಲಿಲ್ಲವೆಂಬುದು ನನಗೆ ಇಂದಿಗೂ ಬೇಸರದ ಸಂಗತಿ.

2000ದ ಶಬ್ದಮಾಲಿನ್ಯ ನಿಯಮಗಳು ಆಸ್ಪತ್ರೆ, ಶಾಲಾ ಕಾಲೇಜು, ನ್ಯಾಯಾಲಯಗಳ ಸುತ್ತಲಿನ ನೂರು ಮೀಟರ್ ಜಾಗವನ್ನು ನಿಶ್ಶಬ್ದ ವಲಯವನ್ನಾಗಿಸಲು ಅವಕಾಶ ಕೊಟ್ಟ ಮೇಲೆ ರಂಗಭವನದ ರಾಕ್ ಸಂಜೆಗಳು ನಿಂತವು. ರೋಗಿಗಳ ನಿದ್ದೆಯ ಬೆಲೆ ಗೊತ್ತಿರುವವರು ಆ ನಿಯಮವನ್ನು ದೂರಲಾರರು. ಆದರೂ ಈ ಗೇಟಿನ ಮುಂದೆ ನಿಂತಾಗ ಮನಸ್ಸು ಭಾರವಾಗುತ್ತದೆ.

[ದೃಶ್ಯ: ಹಳೆಯ ಫೋಟೋಗಳು. ರೈಲಿನ ಕಿಟಕಿ, ಕಲ್ಯಾಣ್ ನಿಲ್ದಾಣದ ಫಲಕ.]

2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡುವುದೆಂದು ತಿಳಿದಾಗ ನಾವು ಏಳು ಜನ ಕಲ್ಯಾಣಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆವು. ಬೋಗಿಯಲ್ಲಿದ್ದ ಕಲಬುರಗಿಯ ಅಜ್ಜಿಯೊಬ್ಬರು ನಮ್ಮ ಟೀ ಶರ್ಟಿನ ಮೇಲಿನ ಅಸ್ಥಿಪಂಜರವನ್ನು ನೋಡಿ, “ಯಾಕ್ರಪ್ಪಾ, ಇಂಥಾ ಅಂಗಿ ಹಾಕ್ಕೊಂಡು ಎಲ್ಲಿಗಿ ಹೊಂಟೀರಿ?” ಎಂದು ಕೇಳಿದರು. ಹಾಡು ಕೇಳಲು ಎಂದೆವು. ರಾತ್ರಿಯಿಡೀ ನಾವು ಅಭ್ಯಾಸ ಮಾಡಿದ್ದು ಸಾಹಿತ್ಯವನ್ನಲ್ಲ, ಗಿಟಾರಿನ ಸ್ವರಗಳನ್ನು. ಆ ತಂಡದ ಅಭಿಮಾನಿಗಳು ಗಿಟಾರ್ ನುಡಿಸುವ ಧಾಟಿಯನ್ನೇ ‘ಓ ಓ’ ಎಂದು ಕಂಠದಲ್ಲಿ ಹಾಡುತ್ತಾರೆ. ಪದಗಳಿಲ್ಲದ, ಬರಿಯ ಸ್ವರಾಕ್ಷರದ, ನಿಧಾನವಾಗಿ ಏರಿಳಿಯುವ ಧಾಟಿಗೆ ಭಾಷೆ ಅಡ್ಡ ಬರುವುದಿಲ್ಲ. ಮೈಸೂರಿನವನೂ ಶಿಲಾಂಗಿನವನೂ ಮೊದಲ ಕ್ಷಣದಿಂದ ಜೊತೆಯಾಗಿ ಹಾಡಬಲ್ಲರು.

ಇಲ್ಲೊಂದು ತಾಂತ್ರಿಕ ಸಂಗತಿ ಹೇಳಬೇಕು. ಇಂದು ಅನೇಕ ಕಲಾವಿದರು ಕಿವಿಯೊಳಗೆ ಕೂರುವ ಇಯರ್‌ಫೋನಿನ ಮೂಲಕ ತಮ್ಮ ವಾದ್ಯಗಳನ್ನು ಕೇಳಿಸಿಕೊಳ್ಳುತ್ತಾರೆ. ಅದು ಹೊರಗಿನ ಸದ್ದನ್ನು ತಡೆಯುವುದರಿಂದ ಅವರಿಗೆ ಜನರ ದನಿ ಕೇಳದೆ ಒಂಟಿತನ ಕಾಡುತ್ತದೆ. ಆದ್ದರಿಂದ ವೇದಿಕೆಯ ಅಂಚಿನಲ್ಲಿ ಪ್ರೇಕ್ಷಕರ ಕಡೆಗೆ ಮುಖಮಾಡಿದ ಮೈಕುಗಳನ್ನಿಟ್ಟು, ಜನರ ಹಾಡನ್ನು ಅವರ ಕಿವಿಗೆ ಮರಳಿ ಕಳಿಸುತ್ತಾರೆ. ಆ ಮೈಕುಗಳಿಗೆ ಅತಿ ಹತ್ತಿರ ನಿಂತವರು ಯಾರು ಎಂಬುದರಿಂದ ಕಲಾವಿದರಿಗೆ ಕೇಳುವ ಊರೇ ಬದಲಾಗುತ್ತದೆ. ಪಶ್ಚಿಮ ಭಾರತದಲ್ಲಿ ನಡೆದ ಒಂದು ಕಾರ್ಯಕ್ರಮದಲ್ಲಿ ವೇದಿಕೆಯ ಎದುರಿನ ಜಾಗವನ್ನೆಲ್ಲ ದುಬಾರಿ ಟಿಕೆಟಿನವರಿಗೆ ಮೀಸಲಿಟ್ಟು, ಹಾಡು ಬಲ್ಲವರನ್ನು ಬೇಲಿಯ ಹಿಂದಕ್ಕೆ ತಳ್ಳಿದ್ದನ್ನು ನಾನು ಕಂಡಿದ್ದೇನೆ. ಗಾಯಕ ಮೈಕನ್ನು ಜನರ ಕಡೆ ಚಾಚಿದಾಗ ಎದುರಿನಿಂದ ಬಂದದ್ದು ಮೌನ. ಹಾಡು ಎಲ್ಲೋ ದೂರದಲ್ಲಿ ಕೇಳುತ್ತಿತ್ತು. ಅಂಥ ವ್ಯವಸ್ಥೆ ಸಂಗೀತಕ್ಕೆ ಮಾಡುವ ಅನ್ಯಾಯವೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

[ದೃಶ್ಯ: ಯಕ್ಷಗಾನದ ರಂಗಸ್ಥಳ. ನಂತರ ಪುಣೆಯ ಸಂಗೀತ ಸಭೆಯ ಪೆಂಡಾಲು.]

ಇದು ರಾಕ್ ಸಂಗೀತದವರು ಮಾತ್ರ ಬಲ್ಲ ಸತ್ಯವೂ ಅಲ್ಲ. ಮುಂಬಯಿಯಲ್ಲಿ ಮೇಳ ಬಂದಾಗ ನನ್ನ ಅಪ್ಪ ರಂಗಸ್ಥಳದ ಹತ್ತಿರವೇ ಕೂರುತ್ತಿದ್ದರು. ಪ್ರಸಂಗ ಬಲ್ಲವರು ಎದುರಿಗಿದ್ದರೆ ಭಾಗವತರು ಪದವನ್ನು ಇನ್ನಷ್ಟು ಬೆಳೆಸುತ್ತಾರೆ ಎನ್ನುವುದು ಅವರ ಅನುಭವ. ಗದಗಿನ ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗಾಗಿ 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವದಲ್ಲಿಯೂ ಸಮದ ಮೇಲೆ, ಎಂದರೆ ತಾಳದ ಆವರ್ತನದ ಮೊದಲ ಪೆಟ್ಟಿಗೆ, ಸಾವಿರಾರು ತಲೆಗಳು ಒಟ್ಟಿಗೆ ತೂಗುವುದನ್ನು ನೋಡಬಹುದು. ಡಾ. ರಾಜ್‌ಕುಮಾರ್ ಅವರ ‘ಅಭಿಮಾನಿ ದೇವರುಗಳು’ ಎಂಬ ಮಾತನ್ನು ಕೇಳುತ್ತ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡವು ತನ್ನ ಕಾರ್ಯಕ್ರಮಗಳನ್ನು ಧ್ವನಿಮುದ್ರಿಸಿಕೊಳ್ಳುವ ಅಭಿಮಾನಿಗಳಿಗಾಗಿ 1984ರಲ್ಲಿ ಪ್ರತ್ಯೇಕ ಜಾಗವನ್ನೇ ಮೀಸಲಿಟ್ಟಿತು. ಪ್ರತಿ ರಾತ್ರಿ ಹಾಡುಗಳ ಕ್ರಮ ಬದಲಾಗುತ್ತಿದ್ದ ಆ ತಂಡಕ್ಕೆ, ಬದಲಾವಣೆಯನ್ನು ಗುರುತಿಸಬಲ್ಲ ಕಿವಿಗಳು ಎದುರಿಗಿದ್ದವು.

[ದೃಶ್ಯ: ಮೇಲಿನಿಂದ ಕಾಣುವ ಮಾಶ್ ಪಿಟ್. ಜನ ಸುತ್ತುತ್ತಿದ್ದಾರೆ.]

ಮಾಶ್ ಪಿಟ್, ಎಂದರೆ ವೇದಿಕೆಯ ಎದುರು ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ ಕುಣಿಯುವ ಜಾಗ, ಹೊರಗಿನವರಿಗೆ ಹೊಡೆದಾಟದಂತೆ ಕಾಣುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಗುಂಪುಗಳ ವಿಡಿಯೋಗಳನ್ನು ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಸ್ಪರ ಡಿಕ್ಕಿ ಹೊಡೆಯುವ ಈ ಜನರ ವೇಗಗಳು ಅನಿಲದ ಕಣಗಳ ವೇಗಗಳಂತೆಯೇ ಹಂಚಿಕೆಯಾಗಿರುವುದನ್ನು ತೋರಿಸಿದರು. ಅನಿಲದ ಕಣಕ್ಕೆ ಇಲ್ಲದ ಒಂದು ಗುಣ ಇಲ್ಲಿದೆ. ಯಾರಾದರೂ ಬಿದ್ದರೆ ಸುತ್ತಲಿದ್ದವರು ಒಡನೆಯೇ ನಿಂತು, ಅವರನ್ನು ಎತ್ತುತ್ತಾರೆ. ಬೆಂಗಳೂರಿನ ಆ ರಾತ್ರಿ ನನ್ನ ಕನ್ನಡಕ ಬಿದ್ದಾಗ ಮುಖಪರಿಚಯವೂ ಇಲ್ಲದ ನಾಲ್ವರು ಕೈಹಿಡಿದು ವೃತ್ತ ಕಟ್ಟಿ ನಿಂತರು. ಐದನೆಯವನು ಅದನ್ನು ಹುಡುಕಿಕೊಟ್ಟ. ಈ ಪದ್ಧತಿಯನ್ನು ಯಾವ ಆಯೋಜಕರೂ ಕಲಿಸುವುದಿಲ್ಲ, ಹಳೆಯ ಅಭಿಮಾನಿಗಳು ಹೊಸಬರಿಗೆ ಕಲಿಸುತ್ತಾರೆ.

ಆದರೆ ಅಭಿಮಾನಿಗಳ ಒಳ್ಳೆಯತನವೊಂದನ್ನೇ ನಂಬಿ ವ್ಯವಸ್ಥೆಯನ್ನು ಸಡಿಲ ಬಿಡುವುದು ಅಪರಾಧ. 1979ರ ಡಿಸೆಂಬರ್ 3ರಂದು ಸಿನ್ಸಿನಾಟಿಯಲ್ಲಿ ದಿ ಹೂ ತಂಡದ ಕಾರ್ಯಕ್ರಮಕ್ಕೆ ಕಾಯ್ದಿರಿಸದ ಸೀಟುಗಳಿಗಾಗಿ ಕಾದಿದ್ದ ಜನ ಪ್ರವೇಶದ್ವಾರದಲ್ಲಿ ನುಗ್ಗಿದಾಗ ಹನ್ನೊಂದು ಮಂದಿ ಸತ್ತರು. 2000ದ ಜೂನ್ 30ರಂದು ಡೆನ್ಮಾರ್ಕಿನ ರೋಸ್ಕಿಲ್ಡೆ ಉತ್ಸವದಲ್ಲಿ ಪರ್ಲ್ ಜಾಮ್ ಹಾಡುತ್ತಿದ್ದಾಗ ಮುಂಭಾಗದ ಒತ್ತಡದಲ್ಲಿ ಒಂಬತ್ತು ಯುವಕರು ಪ್ರಾಣ ಕಳೆದುಕೊಂಡರು. ಗಾಯಕ ಹಾಡು ನಿಲ್ಲಿಸಿ, ಎಲ್ಲರೂ ಮೂರು ಹೆಜ್ಜೆ ಹಿಂದೆ ಸರಿಯಿರಿ ಎಂದು ಬೇಡಿಕೊಳ್ಳಬೇಕಾಯಿತು. ಒಂದು ಚದರ ಮೀಟರಿನಲ್ಲಿ ಸುಮಾರು ಏಳು ಜನ ನಿಂತರೆ ಗುಂಪು ನೀರಿನಂತೆ ಹರಿಯತೊಡಗುತ್ತದೆ, ಆಗ ಒಬ್ಬೊಬ್ಬರ ಇಚ್ಛೆಗೆ ಅಲ್ಲಿ ಬೆಲೆಯಿಲ್ಲ. ಹಿಂದೆ ನಿಂತವನು ಪ್ರೀತಿಯಿಂದಲೇ ಒಂದು ಹೆಜ್ಜೆ ಮುಂದಿಟ್ಟಿರುತ್ತಾನೆ, ಮುಂದಿನವನ ಉಸಿರು ಕಟ್ಟುತ್ತಿರುವುದು ಅವನಿಗೆ ಕಾಣುವುದಿಲ್ಲ. 2011ರ ಅಕ್ಟೋಬರ್ 28ರಂದು ಗುರುಗ್ರಾಮದಲ್ಲಿ ಜನ ತಡೆಬೇಲಿ ಮುರಿದ ಮೇಲೆ ಮೆಟಾಲಿಕಾ ತಂಡದ ಕಾರ್ಯಕ್ರಮವೇ ನಡೆಯಲಿಲ್ಲ. ಎರಡು ದಿನಗಳ ಬಳಿಕ ಬೆಂಗಳೂರಿನಲ್ಲಿ ಅದೇ ತಂಡ ಹಾಡಿತು.

[ದೃಶ್ಯ: ನೆರುಳ್ ನಿಲ್ದಾಣ, ರಾತ್ರಿ. ಖಾಲಿ ಪ್ಲಾಟ್‌ಫಾರ್ಮ್.]

ಮತ್ತೆ 2019ರ ಆ ಭಾನುವಾರಕ್ಕೆ ಬರುತ್ತೇನೆ. ಕಾರ್ಯಕ್ರಮ ಮುಗಿದು ನಾವು ಈ ನಿಲ್ದಾಣಕ್ಕೆ ಬಂದಾಗ ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಗಂಟಲೂ ಕಟ್ಟಿತ್ತು. ಆ ತುದಿಯಲ್ಲಿ ಯಾರೋ ಒಬ್ಬ ಹುಡುಗಿ ಕೊನೆಯ ಹಾಡುಗಳಲ್ಲೊಂದನ್ನು ಮೆಲ್ಲಗೆ ಎತ್ತಿಕೊಂಡಳು. ಪಕ್ಕದವರು ಸೇರಿದರು, ಅವರ ಪಕ್ಕದವರು ಸೇರಿದರು. ಪ್ಲಾಟ್‌ಫಾರ್ಮ್ ಉದ್ದವಾಗಿದ್ದುದರಿಂದ ಈ ತುದಿಯಲ್ಲಿದ್ದ ನಮಗೆ ಅದು ಅರ್ಧ ಪೆಟ್ಟು ತಡವಾಗಿ ಕೇಳುತ್ತಿತ್ತು. ನಾವು ಅವಳ ಕೈ ನೋಡಿ ತಾಳ ಹಿಡಿದು ಹಾಡಿದೆವು. ಠಾಣೆ ಲೋಕಲ್ ಬಂದಾಗ ಹಾಡು ಎರಡನೆಯ ಚರಣದಲ್ಲಿತ್ತು, ಉಳಿದುದನ್ನು ಬೋಗಿಯೊಳಗೆ ಮುಗಿಸಿದೆವು.