ಪಟ್ಟಿಗೆ ಸೇರದ ದ್ವೀಪ

ನಾಗಸಾಕಿಗೆ ಹೋಗಿ ಬಂದವರ ಬಾಯಲ್ಲಿ ಒಂದು ಕಥೆ ತಪ್ಪದೆ ಬರುತ್ತೆ. 1865ರ ಮಾರ್ಚ್ 17. ಓಉರಾ ಗುಡ್ಡದ ಮೇಲೆ ಫ್ರೆಂಚ್ ಪಾದ್ರಿಗಳು ಆಗಷ್ಟೇ ಕಟ್ಟಿಸಿದ ಚರ್ಚು. ಅದು ವಿದೇಶಿಯರಿಗಾಗಿ ಕಟ್ಟಿದ್ದು. ಜಪಾನಿಯರಿಗೆ ಆ ಧರ್ಮ ಇನ್ನೂ ನಿಷಿದ್ಧ. ಪಕ್ಕದ ಉರಾಕಾಮಿ ಹಳ್ಳಿಯಿಂದ ಒಂದಷ್ಟು ಜನ ಬರ್ತಾರೆ, ಚರ್ಚು ನೋಡೋ ನೆಪದಲ್ಲಿ. ಅವರಲ್ಲಿ ಒಬ್ಬ ಹೆಂಗಸು ಪಾದ್ರಿ ಪೆತಿಜಾಂ ಹತ್ತಿರ ಬಂದು ಪಿಸುಮಾತಲ್ಲಿ ಹೇಳ್ತಾಳೆ, ನಿಮ್ಮ ಮನಸ್ಸೇ ನಮ್ಮ ಮನಸ್ಸು ಅಂತ. ಆಮೇಲೆ ಕೇಳ್ತಾಳೆ, ಸಾಂತಾ ಮರಿಯಾ ವಿಗ್ರಹ ಎಲ್ಲಿದೆ ಅಂತ. ಇನ್ನೂರೈವತ್ತು ವರ್ಷ ಬಚ್ಚಿಟ್ಟುಕೊಂಡಿದ್ದ ನಂಬಿಕೆ ಹೊರಗೆ ಬಂತು, ಸುದ್ದಿ ರೋಮ್‌ವರೆಗೂ ಹೋಯ್ತು.

ಕಥೆ ಚೆನ್ನಾಗಿದೆ, ನಿಜವೂ ಹೌದು. ನನ್ನ ತಕರಾರು ಅದನ್ನ ಮುಗಿಸೋ ರೀತಿ ಮೇಲೆ. ಅಡಗಿದ್ರು, ಸಹಿಸಿದ್ರು, ಕೊನೆಗೆ ಚರ್ಚಿಗೆ ಮರಳಿದ್ರು, ಶುಭಂ. ಹಾಗಾದ್ರೆ ಮರಳದೇ ಇದ್ದವರು? 1873ರಲ್ಲಿ ನಿಷೇಧದ ಹಲಗೆಗಳನ್ನ ಸರ್ಕಾರ ಕೆಳಗಿಳಿಸಿದ ಮೇಲೂ ಪಾದ್ರಿಗಳ ಕಡೆ ಹೋಗದೆ, ಅಜ್ಜ-ಮುತ್ತಜ್ಜ ಮಾಡಿಕೊಂಡು ಬಂದ ಹಾಗೇ ಮಾಡ್ತೀವಿ ಅಂತ ಉಳಿದವರು ಬಹಳ ಜನ. ಅವರ ಗಟ್ಟಿ ನೆಲೆ ಇಕಿತ್ಸುಕಿ ಅನ್ನೋ ದ್ವೀಪ. 2018ರಲ್ಲಿ ಯುನೆಸ್ಕೊ ಈ ಗುಪ್ತ ಕ್ರೈಸ್ತರ 12 ತಾಣಗಳನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು. ಇಕಿತ್ಸುಕಿ ಆ ಪಟ್ಟಿಯಲ್ಲಿಲ್ಲ. ನನ್ನ ಪ್ರಕಾರ ಇಡೀ ಪ್ರವಾಸದಲ್ಲಿ ಬಿಡಬಾರದ ಜಾಗ ಅದೇ.

ಯಾಕೆ ಅಂತ ಹೇಳೋಕೆ ಮುಂಚೆ, ಆ ಕಾಲದಲ್ಲಿ ಅಡಗಿ ಬದುಕೋದು ಎಷ್ಟು ಕಷ್ಟ ಇತ್ತು ಅಂತ ಸ್ವಲ್ಪ ನೋಡೋಣ. 1614ರಲ್ಲಿ ತೊಕುಗಾವಾ ಸರ್ಕಾರ ದೇಶದುದ್ದಕ್ಕೂ ನಿಷೇಧ ಹೇರ್ತು. ಬರ್ತಾ ಬರ್ತಾ ಬಿಗಿ ಜಾಸ್ತಿ ಆಯ್ತು. ಪ್ರತಿ ಮನೆಯವರೂ ಒಂದು ಬೌದ್ಧ ಮಂದಿರದಲ್ಲಿ ಹೆಸರು ಬರೆಸಿರಬೇಕು, ಸತ್ತರೆ ಅಲ್ಲಿಯ ಭಿಕ್ಷುವೇ ಬಂದು ಕ್ರಿಯೆ ಮಾಡಬೇಕು. ಐದೈದು ಮನೆ ಸೇರಿಸಿ ಒಂದು ಗುಂಪು. ಒಬ್ಬ ಸಿಕ್ಕಿಬಿದ್ರೆ ಐದೂ ಮನೆಗೆ ಗ್ರಹಚಾರ. ಪಾದ್ರಿಯನ್ನ ಹಿಡಿದುಕೊಟ್ರೆ 500 ಬೆಳ್ಳಿ ನಾಣ್ಯ ಅಂತ ಊರೂರಲ್ಲಿ ಹಲಗೆ. ಅದರ ಮೇಲೆ ವರ್ಷಕ್ಕೊಮ್ಮೆ ಯೇಸುವಿನ ಅಥವಾ ಮರಿಯಮ್ಮನ ಚಿತ್ರವನ್ನ ಕಾಲಲ್ಲಿ ತುಳಿದು ತೋರಿಸಬೇಕು. ಇದಕ್ಕೆ ಫುಮಿ-ಎ ಅಂತಾರೆ. 1669ರಲ್ಲಿ ಇದಕ್ಕಂತಲೇ ಹಿತ್ತಾಳೆಯಲ್ಲಿ 20 ಚಿತ್ರಫಲಕ ಎರಕ ಹೊಯ್ಸಿದ್ರು. ಅವುಗಳ ಫೋಟೊ ಹುಡುಕಿ ನೋಡಿ, ತುಳಿದೂ ತುಳಿದೂ ಮುಖದ ಮೂಗು, ಕಣ್ಣು ಎಲ್ಲಾ ಸವೆದು ನುಣ್ಣಗಾಗಿದೆ.

ಅಡಗಿದ್ದವರೂ ತುಳೀತಿದ್ರು. ತುಳಿದು ಮನೆಗೆ ಬಂದು ಪಶ್ಚಾತ್ತಾಪದ ಪ್ರಾರ್ಥನೆ ಹೇಳ್ಕೊಳ್ತಿದ್ರು. 1644ರಲ್ಲಿ ದೇಶದಲ್ಲಿ ಉಳಿದಿದ್ದ ಕೊನೆಯ ಪಾದ್ರಿಯನ್ನೂ ಕೊಂದ ಮೇಲೆ ಬಲಿಪೂಜೆ ಇಲ್ಲ, ಪಾಪನಿವೇದನೆ ಇಲ್ಲ. ಉಳಿದಿದ್ದು ಜ್ಞಾನಸ್ನಾನ ಮಾತ್ರ, ಅದನ್ನ ಪಾದ್ರಿ ಅಲ್ಲದವರೂ ಕೊಡಬಹುದು. ಊರಲ್ಲಿ ಒಬ್ಬ ಹಬ್ಬದ ದಿನಗಳ ಲೆಕ್ಕ ಇಡ್ತಿದ್ದ, ಇನ್ನೊಬ್ಬ ಮಗುವಿನ ತಲೆ ಮೇಲೆ ನೀರು ಹಾಕ್ತಿದ್ದ. ಇಡೀ ವ್ಯವಸ್ಥೆ ನಡೆದಿದ್ದು ರೈತರು, ಮೀನುಗಾರರ ನೆನಪಿನ ಶಕ್ತಿ ಮೇಲೆ.

ಪಟ್ಟಿಯಲ್ಲಿರೋ ಊರುಗಳಲ್ಲಿ ನನಗೆ ಹಿಡಿಸಿದ್ದು ಅಮಾಕುಸಾ ದ್ವೀಪಗಳಲ್ಲಿರೋ ಸಾಕಿತ್ಸು. ಸಮುದ್ರ ಒಳಗೆ ನುಗ್ಗಿಬಂದ ಜಾಗದಲ್ಲಿ ಒಂದು ಮೀನುಗಾರರ ಊರು. ಮನೆಗಳ ನಡುವೆ ಒಬ್ಬರು ನುಸುಳೋವಷ್ಟು ಸಂದಿ. ನಡುಮಧ್ಯೆ 1934ರಲ್ಲಿ ಕಟ್ಟಿದ ಗಾಥಿಕ್ ಚರ್ಚು, ಒಳಗೆ ನೆಲಕ್ಕೆಲ್ಲ ತಾತಾಮಿ ಚಾಪೆ. ಊರ ಮುಖ್ಯಸ್ಥನ ಮನೆ ಇದ್ದ, ವರ್ಷವರ್ಷವೂ ಜನರಿಂದ ಚಿತ್ರ ತುಳಿಸುತ್ತಿದ್ದ ಜಾಗದಲ್ಲೇ ಬೇಕು ಅಂತ ಹಠ ಹಿಡಿದು ಪೂಜಾಪೀಠ ಇಟ್ಟಿದ್ದಾರೆ. ಇಲ್ಲಿನವರ ಪೂಜಾ ವಸ್ತು ಏನು ಗೊತ್ತಾ? ಸಮುದ್ರದ ಚಿಪ್ಪು. ಒಳಗಿನ ಹೊಳಪಿನಲ್ಲಿ ಮೂಡಿರೋ ಗೆರೆಗಳಲ್ಲಿ ಅವರಿಗೆ ಮರಿಯಮ್ಮ ಕಾಣ್ತಿದ್ಲು. ಅಧಿಕಾರಿ ಬಂದು ಮನೆ ಜಾಲಾಡಿದ್ರೂ ಮೀನುಗಾರನ ಮನೆಯಲ್ಲಿ ಚಿಪ್ಪಿದ್ರೆ ತಪ್ಪೇನು?

1805ರಲ್ಲಿ ಸಾಕಿತ್ಸು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸುಮಾರು 5,000 ಜನ ಸಿಕ್ಕಿಬಿದ್ರು. ಕಾನೂನಿನ ಪ್ರಕಾರ ಎಲ್ಲರನ್ನೂ ಕೊಲ್ಲಬೇಕು. ಅಧಿಕಾರಿಗಳು ಮಾಡಿದ್ದು ಬೇರೆ: ಇವರು ಕ್ರೈಸ್ತರಲ್ಲ, ಏನೋ ತಪ್ಪು ಆಚರಣೆ ಮಾಡಿಕೊಂಡಿದ್ದಾರೆ ಅಂತ ದಾಖಲೆ ಬರೆದು, ಬುದ್ಧಿ ಹೇಳಿ ಬಿಟ್ಟುಬಿಟ್ರು. ಹುತಾತ್ಮರ ಬಗ್ಗೆ ಎಲ್ಲರೂ ಮಾತಾಡ್ತಾರೆ. ಫೈಲಿನಲ್ಲಿ ಒಂದು ಸುಳ್ಳು ಬರೆದು ಐದು ಸಾವಿರ ತಲೆ ಉಳಿಸಿದ ಆ ಗುಮಾಸ್ತರಿಗೂ ಒಂದು ಫಲಕ ಹಾಕಬೇಕಿತ್ತು ಅಂತ ನನಗನಿಸುತ್ತೆ.

ಹುತಾತ್ಮರ ಲೆಕ್ಕಕ್ಕೆ ಬರೋಣ, ಯಾಕಂದ್ರೆ ಅಲ್ಲೂ ಪಟ್ಟಿಯ ತಕರಾರೇ ಇದೆ. ನಾಗಸಾಕಿ ರೈಲು ನಿಲ್ದಾಣದ ಎದುರಿಗೇ ನಿಶಿಜಾಕಾ ಗುಡ್ಡ. 1597ರ ಫೆಬ್ರವರಿ 5ರಂದು, ಆಗ ಜಪಾನ್ ಆಳ್ತಿದ್ದ ಹಿದೆಯೋಶಿಯ ಆಜ್ಞೆಯಂತೆ 26 ಜನರನ್ನ ಅಲ್ಲಿ ಶಿಲುಬೆಗೆ ಏರಿಸಿದ್ರು. ಕಿವಿ ಕೊಯ್ದು, ಚಳಿಗಾಲದಲ್ಲಿ ಕ್ಯೋಟೊದಿಂದ ಅಲ್ಲಿವರೆಗೂ ನಡೆಸಿಕೊಂಡು ಬಂದಿದ್ರು. ಆ 26ರಲ್ಲಿ ಒಬ್ಬ ನಮ್ಮ ಪಶ್ಚಿಮ ಕರಾವಳಿಯವನು: ಮುಂಬೈ ಪಕ್ಕದ ವಸಾಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ. ಮೊದಲು ವ್ಯಾಪಾರಿ, ಆಮೇಲೆ ಸನ್ಯಾಸಿ ಸಭೆ ಸೇರಿದವನು. 1862ರಲ್ಲಿ ರೋಮ್ ಈ 26 ಜನರನ್ನೂ ಸಂತರು ಅಂತ ಘೋಷಿಸ್ತು.

ಇನ್ನೊಂದು ಕಡೆ ಶಿಮಾಬಾರಾದ ಹಾರಾ ಕೋಟೆ. 1637ರಲ್ಲಿ ಮಾತ್ಸುಕುರಾ ಕಾತ್ಸುಇಎ ಅನ್ನೋ ಪಾಳೇಗಾರನ ತೆರಿಗೆ ತಡೆಯಲಾರದೆ, ಮೇಲೆ ಬರಗಾಲವೂ ಸೇರಿ, ರೈತರು ದಂಗೆ ಎದ್ರು. ಮುಂದಾಳು ಅಮಾಕುಸಾ ಶಿರೊ, ಇನ್ನೂ ಹದಿಹರೆಯದ ಹುಡುಗ. ಹೆಂಗಸರು ಮಕ್ಕಳು ಸೇರಿ ಸುಮಾರು 37,000 ಜನ ಕೋಟೆಯೊಳಗೆ ಸೇರಿಕೊಂಡ್ರು. 1638ರ ಏಪ್ರಿಲ್‌ನಲ್ಲಿ ಕೋಟೆ ಬಿತ್ತು, ಹೆಚ್ಚುಕಡಿಮೆ ಎಲ್ಲರೂ ಸತ್ರು. ಸರ್ಕಾರ ಗೋಡೆಗಳನ್ನೂ ಕೆಡವಿ ಹೆಣಗಳ ಮೇಲೆ ಹಾಕ್ತು. ಅಗೆದಾಗ ಮೂಳೆಗಳ ಜೊತೆ ಬಂದೂಕಿನ ಸೀಸದ ಗುಂಡು ಕರಗಿಸಿ ಮಾಡಿದ ಪುಟ್ಟ ಶಿಲುಬೆಗಳು ಸಿಕ್ಕಿವೆ. ಆದ್ರೆ ಇವರನ್ನ ಚರ್ಚು ಹುತಾತ್ಮರು ಅಂತ ಒಪ್ಪಿಲ್ಲ, ಆಯುಧ ಹಿಡಿದವರು ಅನ್ನೋ ಕಾರಣಕ್ಕೆ. ಯುನೆಸ್ಕೊ ಪಟ್ಟಿಯಲ್ಲಿ ಹಾರಾ ಕೋಟೆ ಇದೆ, ಸಂತರ ಪಟ್ಟಿಯಲ್ಲಿ ಅಲ್ಲಿ ಸತ್ತವರಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದ್ರೆ ನಾನು ಪ್ರಾಮಾಣಿಕ ಅಲ್ಲ. 1549ರಲ್ಲಿ ಜಪಾನಿಗೆ ಈ ಧರ್ಮ ತಂದ ಫ್ರಾನ್ಸಿಸ್ ಕ್ಸೇವಿಯರ್ ಹೊರಟಿದ್ದು ಗೋವಾದ ನೆಲೆಯಿಂದ. ಅದೇ ಕಾಲದಲ್ಲಿ ಗೋವಾದಲ್ಲಿ ದೇವಸ್ಥಾನಗಳು ಬೀಳ್ತಿದ್ವು. 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್, ಅಂದ್ರೆ ಧರ್ಮ ತಪ್ಪಿದವರನ್ನ ವಿಚಾರಿಸಿ ಶಿಕ್ಷಿಸೋ ಚರ್ಚಿನ ನ್ಯಾಯಾಲಯ ಶುರುವಾಯ್ತು, ಅದು ಬೇಕು ಅಂತ ಮುಂಚೆಯೇ ಪೋರ್ಚುಗಲ್ ರಾಜನಿಗೆ ಬರೆದವರಲ್ಲಿ ಕ್ಸೇವಿಯರ್ ಕೂಡ ಒಬ್ಬರು. ಅದರಿಂದ ತಪ್ಪಿಸಿಕೊಂಡು ದೇವರ ಸಮೇತ ನಮ್ಮ ಕರಾವಳಿಗೆ ಬಂದ ಕೊಂಕಣಿ ಮನೆತನಗಳಿವೆ. ಜಪಾನಲ್ಲೂ ಕ್ರೈಸ್ತನಾದ ಪಾಳೇಗಾರ ಓಮುರಾ ಸುಮಿತಾದಾ ತನ್ನ ಸೀಮೆಯ ಬೌದ್ಧ ಮಂದಿರಗಳನ್ನ ನಾಶ ಮಾಡಿಸಿದ. ಇದರಿಂದ ಹಳ್ಳಿಗರ ಮೇಲೆ ನಡೆದ ಹಿಂಸೆ ಸರಿ ಅಂತ ಆಗಲ್ಲ. ಪ್ರಾಣ ತೆತ್ತವರು ಆ ನಿರ್ಧಾರ ಮಾಡಿದವರಲ್ಲ. ಆದ್ರೆ ಚರ್ಚುಗಳ ವಿವರಣಾ ಫಲಕ ಓದಿಕೊಂಡು ಹೋಗ್ತಿದ್ರೆ ಕಥೆಯ ಈ ಭಾಗ ಸಿಗೋದು ಕಷ್ಟ.

ಈಗ ಇಕಿತ್ಸುಕಿ. ಹಿರಾದೊ ದ್ವೀಪದ ಆಚೆ ತುದಿಯಿಂದ 1991ರಲ್ಲಿ ಸೇತುವೆ ಆಗಿದೆ, ಕಾರಲ್ಲೇ ದಾಟಬಹುದು. ಅಲ್ಲಿ ಕುರೊಸೆ ಅನ್ನೋ ಕಡೆ ಒಂದು ದಿಬ್ಬ. 1609ರಲ್ಲಿ ಗ್ಯಾಸ್ಪರ್ ನಿಶಿ ಅನ್ನೋ ಊರ ಹಿರಿಯನ ತಲೆ ಕಡಿದಿದ್ದು ಅಲ್ಲಿ. ಹೆಂಡತಿ ಉರ್ಸುಲಾ, ಮಗನನ್ನೂ ಕೊಂದ್ರು. ಸಮಾಧಿ ಮೇಲೆ ಒಂದು ಪೈನ್ ಮರ ಬೆಳೀತು. ಊರಿನವರು ಅದನ್ನೇ ಗಾಸ್ಪಾರು-ಸಾಮಾ ಅಂತ ಕೈ ಮುಗಿದ್ರು, ತಲೆಮಾರು ತಲೆಮಾರು. ರೋಮ್ ಅವನಿಗೆ ಪುನೀತ ಪದವಿ, ಅಂದ್ರೆ ಸಂತ ಪದವಿಗೆ ಒಂದು ಮೆಟ್ಟಿಲು ಕೆಳಗಿನದು, ಕೊಟ್ಟಿದ್ದು 2008ರಲ್ಲಿ. ಹಾಗಾದ್ರೆ ಈ ನೆನಪನ್ನ ನಾಲ್ಕು ಶತಮಾನ ಕಾಪಾಡಿದ್ದು ಯಾರು? ಚರ್ಚಿಗೆ ಮರಳದ ಈ ಜನವೇ ಹೆಚ್ಚಾಗಿ.

ಯಾಕೆ ಮರಳಲಿಲ್ಲ? ಪಾದ್ರಿಗಳ ಷರತ್ತು ಹಾಗಿತ್ತು: ಮನೆಯ ಬೌದ್ಧ ಪೀಠ ತೆಗೀಬೇಕು, ಶಿಂಟೊ ದೇವರನ್ನ ಬಿಡಬೇಕು, ಹೊಸದಾಗಿ ಕಲೀಬೇಕು. ಇಷ್ಟು ವರ್ಷ ಜೀವ ಪಣಕ್ಕಿಟ್ಟು ಅಜ್ಜ ಮಾಡಿದ್ದು ಅರೆಬರೆ ಅಂತ ಒಪ್ಪಿಕೊಳ್ಳಬೇಕು. ಬೌದ್ಧ ಪೀಠವನ್ನ ಮೊದಲು ಪರದೆಗಂತ ಇಟ್ಟಿರಬಹುದು, ಆದ್ರೆ ಇನ್ನೂರು ವರ್ಷ ಕೈ ಮುಗಿದ ಮೇಲೆ ಅದು ಬರೀ ಪರದೆ ಆಗಿ ಉಳಿಯುತ್ತಾ? ಅದನ್ನ ಕಿತ್ತು ಹಾಕಿ ಅಂದ್ರೆ ನಾನಾಗಿದ್ರೂ ಹೋಗ್ತಿರಲಿಲ್ಲ.

ದ್ವೀಪದ ವಸ್ತುಸಂಗ್ರಹಾಲಯ ಶಿಮಾ ನೊ ಯಾಕಾತಾ. ಒಂದು ಮಹಡಿಯ ತುಂಬ ತಿಮಿಂಗಿಲ ಬೇಟೆ, ಈ ಊರಿಗೆ ಅನ್ನ ಹಾಕಿದ್ದು ಅದೇ. ಗುಪ್ತ ಕ್ರೈಸ್ತರ ಭಾಗದಲ್ಲಿ ನೇತುಹಾಕೋ ಚಿತ್ರಪಟಗಳ ಮುಂದೆ ನಿಲ್ಲಿ. ಯೇಸುವಿಗೆ ಜ್ಞಾನಸ್ನಾನ ಕೊಟ್ಟ ಸ್ನಾನಿಕ ಯೋಹಾನ ಇದ್ದಾನೆ: ಕಿಮೊನೊ ಉಟ್ಟು, ಜಪಾನಿಯರ ಹಾಗೆ ಜುಟ್ಟು ಕಟ್ಟಿಕೊಂಡು. ಬಣ್ಣ ಮಾಸಿದಾಗಲೆಲ್ಲ ಹೊಸದಾಗಿ ನಕಲು ಮಾಡ್ತಾ ಬಂದಿದ್ದಾರೆ. ಇವು ಇರ್ತಿದ್ದಿದ್ದು ಮನೆಯ ಒಳಕೋಣೆಯಲ್ಲಿ. ಇನ್ನು ಅವರ ಪ್ರಾರ್ಥನೆ, ಒರಾಶೊ. ಅದರ ಧ್ವನಿಮುದ್ರಣ ಕೇಳಿ. ನಮ್ಮನೆಗಳಲ್ಲಿ ಅಜ್ಜಿಯರು ವಿಷ್ಣುಸಹಸ್ರನಾಮ ಒಂದೇ ಉಸಿರಿಗೆ ಹೇಳಿಕೊಂಡು ಹೋಗ್ತಾರಲ್ಲ, ಅದೇ ಓಟ. ಲ್ಯಾಟಿನ್, ಪೋರ್ಚುಗೀಸ್, ಜಪಾನಿ ಎಲ್ಲಾ ಕಲಸಿಹೋಗಿದೆ, ಬಾಯಿಂದ ಬಾಯಿಗೆ ದಾಟಿಸಿದ್ದು.

ದ್ವೀಪದ ಆಚೆ ಸಮುದ್ರದಲ್ಲಿ ನಾಕಾಎನೊಶಿಮಾ ಅನ್ನೋ ಬಂಡೆ ದ್ವೀಪ. 1622ರಲ್ಲೂ 1624ರಲ್ಲೂ ಅಲ್ಲಿ ಕ್ರೈಸ್ತರನ್ನ ಕೊಂದಿದ್ರು. ಇಕಿತ್ಸುಕಿಯವರು ಜ್ಞಾನಸ್ನಾನದ ನೀರನ್ನ ತರ್ತಿದ್ದಿದ್ದು ಅಲ್ಲಿಂದ, ಒರಾಶೊ ಹೇಳ್ತಾ ಬಂಡೆಯ ಬಿರುಕಿನಿಂದ ಜಿನುಗೋ ನೀರನ್ನ ಹಿಡಿದು. ತಮಾಷೆ ಅಂದ್ರೆ ನಾಕಾಎನೊಶಿಮಾ ಯುನೆಸ್ಕೊ ಪಟ್ಟಿಯಲ್ಲಿದೆ, ಅಲ್ಲಿಂದ ನೀರು ತಂದವರ ಊರು ಇಲ್ಲ. ಪಟ್ಟಿ ಮಾಡಿದವರ ವಾದ ನನಗೆ ಗೊತ್ತು: ನಿಷೇಧದ ಕಾಲದ ಕುರುಹು ಮಾತ್ರ, ಆಮೇಲಿನದ್ದಲ್ಲ. ಒಪ್ಪಿದೆ ಅನ್ನೋಣ. ಹಾಗಿದ್ರೆ ನಿಷೇಧ ತೆಗೆದ ಮೇಲೆ 1908ರಲ್ಲಿ ನೊಜಾಕಿ ದ್ವೀಪದಲ್ಲಿ ಎದ್ದ ಇಟ್ಟಿಗೆ ಚರ್ಚು ಆ ಪಟ್ಟಿಯ ಪ್ರಚಾರದ ಫೋಟೊಗಳಲ್ಲಿ ಮುಂದೆ ಯಾಕಿದೆ? 17 ಬಡ ಸಂಸಾರಗಳು ಹೊಟ್ಟೆ ಬಟ್ಟೆ ಕಟ್ಟಿ ಕಟ್ಟಿದ ಚರ್ಚು ಅದು, ನನಗೂ ಇಷ್ಟವೇ. ಆದ್ರೆ ಮರಳಿದವರ ಆಮೇಲಿನ ಕಥೆಗೆ ಜಾಗ ಇದೆ, ಮರಳದವರ ಆಮೇಲಿನ ಕಥೆಗೆ ಇಲ್ಲ ಅಂದ್ರೆ ಅದು ನ್ಯಾಯ ಅಲ್ಲ.

ಹೋಗಬೇಕು ಅಂತಿದ್ರೆ ಬೇಗ ಹೋಗಿ. ಯುವಕರು ದ್ವೀಪ ಬಿಡ್ತಿದ್ದಾರೆ, ಪ್ರಾರ್ಥನೆ ಬಾಯಿಪಾಠ ಇರೋರು ವಯಸ್ಸಾದವರು, ಗುಂಪುಗಳು ಒಂದೊಂದಾಗಿ ಮುಚ್ಚಿ ಪೂಜಾ ವಸ್ತುಗಳು ಸಂಗ್ರಹಾಲಯ ಸೇರ್ತಿವೆ. ನಾಗಸಾಕಿಯಿಂದ ಕಾರಲ್ಲಿ ಎರಡೂವರೆ ಗಂಟೆ ಹತ್ತಿರ ಹಿಡಿಯುತ್ತೆ. ಬಸ್ಸು ನಂಬಿಕೊಂಡರೆ ದಿನ ಅಲ್ಲೇ ಮುಗಿಯುತ್ತೆ, ಹೊರಡೋ ಮುಂಚೆ ಇಲ್ಲಿನ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಪಟ್ಟಿಯ ಚರ್ಚುಗಳಿಗೆ ಹಲವು ಕಡೆ ಮೊದಲೇ ತಿಳಿಸಿ ಹೋಗಬೇಕು, ಒಳಗೆ ಫೋಟೊ ತೆಗೆಯೋ ಹಾಗಿಲ್ಲ. ಇಕಿತ್ಸುಕಿಯಲ್ಲಿ ಯಾರ ಮನೆ ಬಾಗಿಲನ್ನೂ ತಟ್ಟಬೇಡಿ, ದೇವರನ್ನ ತೋರಿಸಿ ಅಂತ ಕೇಳಬೇಡಿ. ಸಂಗ್ರಹಾಲಯಕ್ಕೆ ಅರ್ಧ ದಿನ ಇಟ್ಟುಕೊಳ್ಳಿ, ಆಮೇಲೆ ಗ್ಯಾಸ್ಪರ್ ದಿಬ್ಬ. ಸಮಯ ಸಾಲದಿದ್ರೆ ನಾಗಸಾಕಿಯಲ್ಲಿ ಒಂದು ದಿನ ಕಡಿಮೆ ಮಾಡಿ, ಇಲ್ಲಿ ಮಾಡಬೇಡಿ.